ಪ್ರಭುಸ್ವಾಮಿಯ ಮದುವೆಗೆ ತಕರಾರು

ಕೊಳ್ಳೇಗಾಲದ ಪ್ರಭುಸ್ವಾಮಿ ಮೂವತ್ತು ವರ್ಷದಿಂದ ನೋಂದಣಿ ಕಛೇರಿಯ ಎದುರು, ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ, ಗಿರಾಕಿಗಳಿಗೆ ಒಂದು ಬೆಂಚು ಹಾಕಿಕೊಂಡು ಅರ್ಜಿ ಬರೆಯುತ್ತಾನೆ. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ಖಾತೆ ಬದಲಾವಣೆ, ಏನೇ ಇರಲಿ, ಅವನ ಕೈ ತಾಗದೆ ಒಳಗೆ ಹೋಗುವ ಕಾಗದ ಕಡಿಮೆ. ಈಗ ಎಲ್ಲವೂ ಕಂಪ್ಯೂಟರಿಗೆ ಹೋಗಿದೆ ಅನ್ನುವುದು ನಿಜ. ಆದರೆ ಕಂಪ್ಯೂಟರಿನ ಮುಂದೆ ಏನು ಹೇಳಬೇಕೆಂದು ತಿಳಿಯದವರು ಮೊದಲು ಮರದ ಕೆಳಗೇ ಬರುತ್ತಾರೆ. ಒಳಗಿನ ಸಾಹೇಬರು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ, ಮರದ ಕೆಳಗಿನವನಿಗೆ ವರ್ಗವಿಲ್ಲ. ಹೀಗಾಗಿ ಜನ ಅವನನ್ನು ‘ಹೊರಗಿನ ಸಾಹೇಬರು’ ಎಂದು ಕರೆಯುತ್ತಿದ್ದರು. ಅವನೂ ಬೇಡವೆನ್ನಲಿಲ್ಲ.

ಅವನಿಗೆ ಒಂದು ಚಟವಿತ್ತು. ಬೀಡಿಯಲ್ಲ, ಇಸ್ಪೀಟಲ್ಲ. ದಿನಾ ಬೆಳಿಗ್ಗೆ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಬಂದವನು ಮೊದಲು ಮಾಡುತ್ತಿದ್ದ ಕೆಲಸ ಕಛೇರಿಯ ಮೊಗಸಾಲೆಗೆ ಹೋಗಿ ನೋಟೀಸ್ ಬೋರ್ಡ್ ಓದುವುದು. ಹರಾಜು, ಟೆಂಡರು ಅವನಿಗೆ ಬೇಕಿರಲಿಲ್ಲ. ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗುವವರ ಹೆಸರು, ವಯಸ್ಸು, ಕೆಲಸ, ವಿಳಾಸವನ್ನು ಮೂವತ್ತು ದಿನ ಎಲ್ಲರಿಗೂ ಕಾಣುವಂತೆ ಹಚ್ಚಬೇಕು, ಅಷ್ಟರೊಳಗೆ ಯಾರಾದರೂ ತಕರಾರು ಹಾಕಬಹುದು ಎಂಬ ನಿಯಮವಿದೆಯಲ್ಲ, ಅವನಿಗೆ ಬೇಕಿದ್ದದ್ದು ಆ ಹಾಳೆಗಳು. ಓದಿ ಮುಗಿಸಿ ನೇರ ಎದುರಿನ ಹೋಟೆಲಿಗೆ ಹೋಗುತ್ತಿದ್ದ. ಒಂದು ಕಾಫಿ ಮುಗಿಯುವಷ್ಟರಲ್ಲಿ ಯಾರ ಮಗಳು ಯಾರ ಮಗನನ್ನು ಕಟ್ಟಿಕೊಳ್ಳುತ್ತಿದ್ದಾಳೆ ಎಂಬುದು ಇಡೀ ಹೋಟೆಲಿಗೆ ಗೊತ್ತಾಗುತ್ತಿತ್ತು. ಯಾರಾದರೂ ಆಕ್ಷೇಪಿಸಿದರೆ, ಸರ್ಕಾರವೇ ಗೋಡೆಗೆ ಹಚ್ಚಿದ್ದನ್ನು ನಾನು ಓದಿದರೆ ತಪ್ಪೇನು ಎಂದು ಕೇಳುತ್ತಿದ್ದ. ಮಾತಿಗೆ ಮಾತು ಅವನಲ್ಲಿ ಎಂದೂ ಕಡಿಮೆ ಬಿದ್ದದ್ದಿಲ್ಲ.

ಓದಿದ್ದಷ್ಟೇ ಆಗಿದ್ದರೆ ಹರಟೆಮಲ್ಲನೆಂದು ಬಿಟ್ಟುಬಿಡಬಹುದಿತ್ತು. ತಕರಾರನ್ನೂ ಅವನೇ ಬರೆದುಕೊಡುತ್ತಿದ್ದ. ಜಾತಿ ಬೇರೆ ಎಂದೋ ಹುಡುಗ ಬಡವನೆಂದೋ ಬರೆದರೆ ಕಾನೂನು ಕೇಳುವುದಿಲ್ಲ, ಗಂಡಿಗೋ ಹೆಣ್ಣಿಗೋ ಮೊದಲೇ ಮದುವೆಯಾಗಿ ಆ ಸಂಗಾತಿ ಬದುಕಿದ್ದರೆ ಅಂಥದ್ದನ್ನು ಕೇಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಏಳು ವರ್ಷದ ಹಿಂದೆ ಬಟ್ಟೆ ಅಂಗಡಿಯ ರುದ್ರಸ್ವಾಮಿಯ ಮಗಳು ಸೌಮ್ಯ, ಮಾದೇಶ್ ಎಂಬ ವೈರಿಂಗ್ ಕೆಲಸದ ಹುಡುಗನ ಜೊತೆ ನೋಟೀಸು ಕೊಟ್ಟಿದ್ದಳು. ಪ್ರಭುಸ್ವಾಮಿ ಅಪ್ಪನಿಗೆ ಸುದ್ದಿ ಮುಟ್ಟಿಸಿದ್ದೂ ಅಲ್ಲದೆ, ‘ಸದರಿ ಹುಡುಗನಿಗೆ ಪಾಲಾರ್ ಕಡೆಯ ಹೆಣ್ಣೊಬ್ಬಳೊಂದಿಗೆ ಈಗಾಗಲೇ ವಿವಾಹವಾಗಿರುವುದಾಗಿ ತಿಳಿದುಬಂದಿರುತ್ತದೆ’ ಎಂದು ಬರೆದುಕೊಟ್ಟ. ಪಾಲಾರಿನಲ್ಲಿ ಅಂಥ ಹೆಣ್ಣು ಯಾರೂ ಇರಲಿಲ್ಲ. ಆದರೆ ಗಡಿಯ ಊರಾದ್ದರಿಂದ ಆಚೆ ವಿಚಾರಿಸಿ ಈಚೆ ವಿಚಾರಿಸಿ ಇಲ್ಲವೆಂದು ತೀರ್ಮಾನವಾಗುವಷ್ಟರಲ್ಲಿ ತಿಂಗಳು ಕಳೆಯಿತು, ಅಷ್ಟರೊಳಗೆ ಸೌಮ್ಯಳನ್ನು ಗುಂಡ್ಲುಪೇಟೆ ಕಡೆ ಕೊಟ್ಟು ಧಾರೆ ಎರೆದಾಗಿತ್ತು. ಇದನ್ನು ಪ್ರಭುಸ್ವಾಮಿ ತನ್ನ ಕೈಚಳಕವೆಂದು ಹೇಳಿಕೊಂಡು ತಿರುಗಿದ. ಆ ಹುಡುಗಿಯ ಮುಖ ಅವನಿಗೆ ಒಂದು ದಿನವೂ ನೆನಪಾಗಲಿಲ್ಲ.

ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೂರು ವರ್ಷದ ಕೆಳಗೆ ಮಾದೇವಮ್ಮ ಎಂಬುವಳು ಬೆಂಚಿನ ಮೇಲೆ ಬಂದು ಕುಳಿತಳು. ಹನೂರಿನಿಂದಾಚೆ ಕಾಡಂಚಿನ ಹಳ್ಳಿಯವಳು, ಗಂಡನನ್ನು ಕಳೆದುಕೊಂಡವಳು, ಕೊಳ್ಳೇಗಾಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡಿಗೆಯವಳು. ಗಂಡನ ಹೆಸರಿನಲ್ಲಿದ್ದ ಎರಡೆಕರೆ ತನ್ನ ಹೆಸರಿಗಾಗಬೇಕಿತ್ತು. ಪ್ರಭುಸ್ವಾಮಿ ಅರ್ಜಿ ಬರೆದು, ಎಲ್ಲರಿಗೂ ಮಾಡುವ ಹಾಗೆ ಸಹಿಯ ಜಾಗದಲ್ಲಿ ಗೀಟು ಹಾಕಿ ಮುಂದಕ್ಕೆ ತಳ್ಳಿದ. ಅವಳು ಸಹಿ ಮಾಡಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಸರ್ವೆ ನಂಬರು ತಪ್ಪಾಗಿದೆ ಎಂದಳು. ಮೂವತ್ತು ವರ್ಷದಲ್ಲಿ ಅವನು ಬರೆದದ್ದನ್ನು ಓದಿ ಸಹಿ ಮಾಡಿದವರು ಬೆರಳೆಣಿಕೆ, ತಪ್ಪು ಹಿಡಿದವರಂತೂ ಇವಳೊಬ್ಬಳೇ. ಅವನಿಗೆ ಸಿಟ್ಟು ಬಂತು. ಎರಡನೇ ಸಲ ಬಂದಾಗ ತಪ್ಪಿಲ್ಲದಂತೆ ಬರೆದ. ಮೂರನೇ ಸಲ, ಅವಳು ಹಿಡಿಯಲಿ ಎಂದೇ ಒಂದು ತಪ್ಪು ಬಿಟ್ಟ. ಒಂಬತ್ತನೇ ಅರ್ಜಿಯ ಹೊತ್ತಿಗೆ ಖಾತೆಯಾಗಿ ಹೋಗಿತ್ತು, ಅರ್ಜಿಯ ಅಗತ್ಯವೇ ಇರಲಿಲ್ಲ. ಆದರೂ ಅವನು ಬರೆದ, ಅವಳು ಓದಿದಳು.

ಮದುವೆಯ ಮಾತನ್ನು ಅವನೇ ಎತ್ತಿದ. ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಸಣ್ಣ ಗುಡಿಯಿದೆ, ಪೂಜಾರಿ ನನಗೆ ಗೊತ್ತಿರುವವರು, ಬೆಳಗಿನ ಮೊದಲ ಬಸ್ಸಿಗೆ ಹೋಗಿ ತಾಳಿ ಕಟ್ಟಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬಂದರಾಯಿತು, ಆಮೇಲೆ ನೀನು ನಿನ್ನ ಮನೆಯಲ್ಲಿರು, ನಾನು ಹೋಗಿ ಬಂದು ಮಾಡುತ್ತೇನೆ, ಜನರಿಗೆ ನಿಧಾನವಾಗಿ ತಿಳಿಸಿದರಾಯಿತು ಎಂದು ಪಾಲುಪಟ್ಟಿ ಓದುವವನ ಹಾಗೆ ಒಂದೇ ಉಸಿರಿಗೆ ಹೇಳಿದ. ಮಾದೇವಮ್ಮ ಪೂರ್ತಿ ಕೇಳಿಸಿಕೊಂಡಳು.

“ಯಾರ್ಗೂ ಗೊತ್ತಾಗ್ಬಾರ್ದು ಅಂದ್ರೆ ಅದೆಂಗೆ ಮದ್ವೆ ಆಯ್ತದೆ ಸ್ವಾಮಿಯೋರೆ?” ಎಂದಳು. “ಊರೋರ ಎಸ್ರ್‌ನೆಲ್ಲ ಬೋರ್ಡಲ್ಲಿ ಓದ್ಕಂಡ್ ಬಂದ್ರಲ್ಲ, ನಮ್ದೂ ಬೀಳ್ಲಿ. ಮೂವತ್ ದಿನ ಇರ್ಲಿ. ತಡ್ಕಂಡ್ರೆ ನಾನು ನಿಮ್ಮೆಂಡ್ತಿ. ಇಲ್ದಿದ್ರೆ ಅರ್ಜಿ ಬರ್ಯೋಕೆ ಬ್ಯಾರೆಯೋರವ್ರೆ.”

ಇಬ್ಬರೂ ಹಿಂದೂಗಳಾದ್ದರಿಂದ ಗುಡಿಯಲ್ಲಿ ಮದುವೆಯಾಗಿ ಆಮೇಲೆ ನೋಂದಾಯಿಸಿದರೂ ನಡೆಯುತ್ತದೆ, ನೋಟೀಸಿನ ಅಗತ್ಯವಿಲ್ಲ ಎಂದು ಅವನು ಕಾನೂನು ಹೇಳಿದ. ಕಾನೂನಿಗೆ ಬೇಡದಿರಬಹುದು, ನನಗೆ ಬೇಕು ಎಂದಳು ಅವಳು. ಎಷ್ಟೋ ಹುಡುಗ ಹುಡುಗಿಯರು ಈ ಬೋರ್ಡಿಗೆ ಹೆದರಿ ಊರು ಬಿಟ್ಟಿದ್ದನ್ನು ಕಂಡವನಿಗೆ, ಬೋರ್ಡಿಗೇ ಹಾಕಿಸು ಎಂದು ಪಟ್ಟು ಹಿಡಿದ ಹೆಣ್ಣು ಸಿಕ್ಕಿದಳು. ಎರಡು ವಾರ ಹಿಂದು ಮುಂದು ನೋಡಿ, ಕೊನೆಗೆ ಅವನೇ ಕೈಯಾರೆ ನೋಟೀಸು ಬರೆದ. ಅದನ್ನೂ ಅವಳು ಓದಿಯೇ ಸಹಿ ಮಾಡಿದಳು.

ನೋಟೀಸು ಬಿದ್ದ ದಿನ ಪ್ರಭುಸ್ವಾಮಿ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದ. ಬೋರ್ಡಿನ ಮೂಲೆಗೆ ತನ್ನ ಕೊಡೆಯನ್ನು ಹಾಳೆ ಮುಚ್ಚುವ ಹಾಗೆ ತೂಗುಹಾಕಿದ. ಜವಾನ ಬಂದು ತೆಗೆದುಕೊಟ್ಟ. ಅತ್ತ ತಲೆ ಹಾಕದಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲವೆಂದು ಲೆಕ್ಕ ಹಾಕಿ ಮಾರನೇ ದಿನ ಬೋರ್ಡು ಓದದೆ ಸೀದಾ ಹೋಟೆಲಿಗೆ ಹೋಗಿ ಕಾಫಿ ಕುಡಿದ. ಎಡವಟ್ಟಾದದ್ದು ಅಲ್ಲೇ. ಮೂವತ್ತು ವರ್ಷದಲ್ಲಿ ಮೊದಲ ಸಲ ಸ್ವಾಮಿಯವರು ಸುದ್ದಿಯಿಲ್ಲದೆ ಕಾಫಿ ಕುಡಿಯುತ್ತಿದ್ದಾರೆ, ಬೋರ್ಡಿನಲ್ಲಿ ಅಂಥದ್ದೇನಿದೆ ನೋಡೋಣ ಎಂದು ಹೋಟೆಲಿಗೆ ಹೋಟೆಲೇ ಎದ್ದು ಹೋಯಿತು. ಒಬ್ಬ ಗಟ್ಟಿಯಾಗಿ ಓದಿದ, ಉಳಿದವರು ಕೇಳಿದರು. ವಯಸ್ಸು ಐವತ್ತೆಂಟು ಎಂದು ಬಂದಾಗ ಓದುವವನು ನಿಲ್ಲಿಸಿ ಎರಡನೇ ಸಲ ಓದಿದ, ಯಾಕೆಂದರೆ ಪ್ರಭುಸ್ವಾಮಿ ಆರು ವರ್ಷದಿಂದ ಐವತ್ತೆರಡರಲ್ಲೇ ನಿಂತಿದ್ದ. ಇನ್ನೊಬ್ಬ ಫೋನಿನಲ್ಲಿ ಫೋಟೋ ತೆಗೆದ. ಮಧ್ಯಾಹ್ನಕ್ಕೆ ಅದು ಹನೂರು ಮುಟ್ಟಿತು, ಸಂಜೆಗೆ ಯಳಂದೂರು.

ಆಮೇಲಿನ ದಿನಗಳಲ್ಲಿ ಅವನ ಪಾಡು ಹೇಳತೀರದು. ಕ್ರಯಪತ್ರ ಬರೆಸಲು ಬಂದವರೂ ಮೊದಲು ಮೊಗಸಾಲೆಗೆ ಹೋಗಿ ಬಂದು, ನಗು ತಡೆದುಕೊಂಡು ಬೆಂಚಿನಲ್ಲಿ ಕೂರುತ್ತಿದ್ದರು. ಮನೆ ವಿಳಾಸ ಬೋರ್ಡಿನಲ್ಲಿದ್ದುದರಿಂದ ಹುಡುಕಿಕೊಂಡು ಬಂದು ಬುದ್ಧಿ ಹೇಳಿದವರೂ ಇದ್ದರು. ಸಂತೆಯಲ್ಲಿ ಪಂಚೆ ಬಿಚ್ಚಿಹೋದವನ ಹಾಗಾಗಿತ್ತು ಅವನಿಗೆ. ಬರೀ ಹೆಸರು, ವಯಸ್ಸು, ವಿಳಾಸ ಇಷ್ಟನ್ನು ಗೋಡೆಗೆ ಹಚ್ಚಿದರೆ ಮನುಷ್ಯ ಇಷ್ಟು ಬೆತ್ತಲಾಗುತ್ತಾನೆ ಎಂದು ಅವನು ಎಣಿಸಿರಲಿಲ್ಲ. ದಿನಾ ಸಂಜೆ ಮಾದೇವಮ್ಮ ಫೋನು ಮಾಡಿ ಇವತ್ತಿಗೆ ಎಷ್ಟು ದಿನವಾಯಿತು ಎಂದಷ್ಟೇ ಕೇಳುತ್ತಿದ್ದಳು. ಅವನು ಎಣಿಸಿ ಹೇಳುತ್ತಿದ್ದ, ಅವಳು ಸರಿ ಎಂದು ಇಟ್ಟುಬಿಡುತ್ತಿದ್ದಳು. ನೋಟೀಸು ಹಿಂತೆಗೆದುಕೊಳ್ಳುವ ಅರ್ಜಿಯನ್ನು ಅವನು ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದ. ಅವಳನ್ನು ಬಿಟ್ಟು ಇರುವುದು ತನ್ನಿಂದಾಗುವುದಿಲ್ಲ ಎಂದು ಅವನಿಗೆ ಖಾತ್ರಿಯಾದದ್ದು ಆ ಹರಿದ ಚೂರುಗಳನ್ನು ನೋಡಿದಾಗಲೇ.

ಇಪ್ಪತ್ತನಾಲ್ಕನೇ ದಿನ ಅವನ ಅಕ್ಕ ದೊಡ್ಡಬಸಮ್ಮ ಯಳಂದೂರು ಬಸ್ಸಿಳಿದು ಬಂದಳು. ಅರವತ್ತೆಂಟರ ವಿಧವೆ, ಮಂಡಿ ನೋವು, ಓದು ಬರಹವಿಲ್ಲ, ಬಾಯಿಗೆ ಬೀಗವಿಲ್ಲ. ಊರಿನಲ್ಲಿ ಒಬ್ಬಳೇ ನಿಂತು ಹೊಲ ಮಾಡಿಸುವ ಗಟ್ಟಿಗಿತ್ತಿ. ನೋಟೀಸು ಬಿದ್ದಾಗಿನಿಂದ ಅವನು ಆ ಊರಿನ ಕಡೆ ತಲೆ ಹಾಕಿರಲಿಲ್ಲ. ಸುದ್ದಿ ತಿಳಿದೂ ಅವಳು ಫೋನಿನಲ್ಲಿ ಏನೂ ಅಂದಿರಲಿಲ್ಲ, ಅದನ್ನು ಪ್ರಭುಸ್ವಾಮಿ ಒಳ್ಳೆಯ ಲಕ್ಷಣವೆಂದು ತಿಳಿದಿದ್ದ. ಆ ದಿನ ಮಾದೇವಮ್ಮನೂ ಪಹಣಿಯ ಪ್ರತಿ ತೆಗೆದುಕೊಳ್ಳಲು ಬಂದು ಬೆಂಚಿನ ಒಂದು ತುದಿಯಲ್ಲಿ ಕೂತಿದ್ದಳು. ಅಕ್ಕ ಅವಳನ್ನು ಎಂದೂ ಕಂಡವಳಲ್ಲ. ಬಂದು ಬೆಂಚಿನ ಇನ್ನೊಂದು ತುದಿಗೆ ಕೂತಳು. ಪ್ರಭುಸ್ವಾಮಿ ಹುಬ್ಬಿನಲ್ಲೇ ಮಾದೇವಮ್ಮನಿಗೆ ಸುಮ್ಮನಿರು ಎಂದ.

“ಲೇ ಪ್ರಭು, ಒಂದರ್ಜಿ ಬರಿ. ನಿನ್ ಮದ್ವೆಗೆ ತಕರಾರು ಆಕ್ಬೇಕು.”

ಗೇಟಿನ ಪಕ್ಕ ಇನ್ನಿಬ್ಬರು ಅರ್ಜಿ ಬರೆಯುವವರಿದ್ದಾರೆ, ಅವರ ಹತ್ತಿರ ಬರೆಸು ಎಂದ ಪ್ರಭುಸ್ವಾಮಿ. ಅಕ್ಕನಿಗೆ ಸಿಟ್ಟು ಬಂತು. ಮೂವತ್ತು ವರ್ಷದಿಂದ ಅವಳ ಒಂದು ಕಾಗದವನ್ನೂ ತಮ್ಮನಲ್ಲದೆ ಬೇರೆಯವರು ಬರೆದದ್ದಿಲ್ಲ, ನಮ್ಮನೆಯ ಮಾತನ್ನು ಕಂಡೋರ ಕೈಯಲ್ಲಿ ಬರೆಸಲು ನನಗೇನು ಗತಿಗೇಡೇ ಎಂದು ಕೇಳಿದಳು. ತಮ್ಮನ ಮೇಲಿನ ತಕರಾರನ್ನು ತಮ್ಮನೇ ಬರೆಯಬೇಕೆನ್ನುವುದರಲ್ಲಿ ಅವಳಿಗೆ ಯಾವ ವಿಚಿತ್ರವೂ ಕಾಣಲಿಲ್ಲ.

“ಆ ಬಟ್ಟೆ ಅಂಗ್ಡಿಯೋನ್ಗೆ ಬರ್ದಲ್ಲ, ಅಂಗೇ ಬರಿ,” ಎಂದಳು. “ಪಾಲಾರಲ್ಲಿ ನಿಂಗೊಬ್ಳು ಎಂಡ್ತಿ ಅವ್ಳೆ ಅನ್ನು.”

ಯಾವ ಬಟ್ಟೆ ಅಂಗಡಿಯವರು ಎಂದು ಬೆಂಚಿನ ಆ ತುದಿಯಿಂದ ಮಾದೇವಮ್ಮ ಮೆಲ್ಲಗೆ ಕೇಳಿದಳು. ಕೇಳುವವರು ಸಿಕ್ಕಿದರಲ್ಲ ಎಂದು ದೊಡ್ಡಬಸಮ್ಮ ಸೌಮ್ಯಳ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ತಮ್ಮನ ಜಾಣತನದ ಹೆಮ್ಮೆಯ ಸಮೇತ ಹೇಳಿದಳು. ಮಾದೇವಮ್ಮ ಅದನ್ನು ಕೇಳುತ್ತಿದ್ದದ್ದು ಇದೇ ಮೊದಲು. ಪ್ರಭುಸ್ವಾಮಿ ತಲೆ ಎತ್ತದೆ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ಪಾಲಾರಿನ ಹೆಂಡತಿಯನ್ನು ಬರೆದರೆ ನನ್ನನ್ನು ಜೈಲಿಗೆ ಹಾಕುತ್ತಾರೆ, ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು ಎಂದ. ಅಕ್ಕ ಹೇಳಿದಳು. ಅವನು ಬಗ್ಗಿ ಚಕಚಕನೆ ಬರೆದು, ಇಂಕಿನ ಪ್ಯಾಡು ತೆರೆದು, ಹೆಬ್ಬೆಟ್ಟು ಒತ್ತಕ್ಕಾ ಎಂದ. ದೊಡ್ಡಬಸಮ್ಮ ಬೆರಳನ್ನು ಪ್ಯಾಡಿನವರೆಗೆ ತಂದವಳು ಅಲ್ಲೇ ತಡೆದಳು. ಎಂದೂ ಇಲ್ಲದ ಅನುಮಾನ ಅವಳಿಗೆ ಅಂದು ಬಂತು. ಕಾಗದವನ್ನು ಎಳೆದುಕೊಂಡು ಬೆಂಚಿನ ಆ ತುದಿಗೆ ಚಾಚಿದಳು.

“ಏನವ್ವ, ನಿಂಗೆ ಓದಕ್ ಬತ್ತದಾ? ಇದ್ರಲ್ಲಿ ಏನ್ ಬರ್ದವ್ನೆ ವಸಿ ಓದ್ ಏಳು.”

ಮಾದೇವಮ್ಮ ಸಾಲಿನ ಕೆಳಗೆ ಬೆರಳಿಟ್ಟು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಪ್ರಭುಸ್ವಾಮಿಯ ಕಣ್ಣುಗಳು ಅವಳನ್ನು ಬೇಡಿಕೊಂಡವು. ಒಂದು ಸುಳ್ಳು ಹೇಳಿದರೆ ಅವಳ ಮದುವೆಯೂ ಸಲೀಸು, ಅವನದೂ ಸಲೀಸು. ಅವಳು ಗಟ್ಟಿಯಾಗಿ ಓದಿದಳು: ‘ಪ್ರಭುಸ್ವಾಮಿ ಎಂಬ ನನ್ನ ತಮ್ಮನ ವಿವಾಹಕ್ಕೆ ನನ್ನ ಪೂರ್ಣ ಸಮ್ಮತಿ ಇದ್ದು, ಯಾವುದೇ ತಕರಾರು ಇರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸುತ್ತೇನೆ.’

ದೊಡ್ಡಬಸಮ್ಮ ಇಂಕಿನ ಪ್ಯಾಡನ್ನು ಮುಚ್ಚಿ ದೂರ ತಳ್ಳಿದಳು. ಮಾದೇವಮ್ಮ ಕಾಗದವನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು.

“ಸುಳ್ ಬರ್ದು ಯಾರ್ದೋ ಮಗಳ ಮದ್ವೆ ಕೆಡಿಸಿದ್ರಿ,” ಎಂದಳು. “ಈಗ ಸುಳ್ ಬರ್ದು ನಿಮ್ ಮದ್ವೆ ಮಾಡ್ಕತೀರಾ? ಅವ್ರು ಏನೇಳಿದ್ರೋ ಅದ್ನ ಬರೀರಿ ಸ್ವಾಮಿಯೋರೆ.”

ಪ್ರಭುಸ್ವಾಮಿಗೆ ನಾಚಿಕೆಯಾಯಿತು. ಬೋರ್ಡಿನ ಮುಂದೆ ಆದ ನಾಚಿಕೆಯಲ್ಲ ಅದು. ಅಲ್ಲಿ ಜನ ನಕ್ಕಿದ್ದರು, ಇಲ್ಲಿ ಯಾರೂ ನಗುತ್ತಿರಲಿಲ್ಲ. ಈ ಹೆಂಗಸು ಈಗ ಎದ್ದು ಹೋಗಿ ಹನೂರಿನ ಬಸ್ಸು ಹತ್ತಿದರೆ ನ್ಯಾಯವೇ ಎಂದು ಅವನಿಗೆ ಅನ್ನಿಸಿತು. ಅವಳು ಏಳಲಿಲ್ಲ. ಅವನು ಹೊಸ ಹಾಳೆ ತೆಗೆದುಕೊಂಡ.

ಅಕ್ಕ ಎರಡನೇ ಸಲ ಹೇಳಿದಳು, ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದ. ಒಂದು, ಹೆಣ್ಣು ನಮ್ಮ ಜನವಲ್ಲ. ಎರಡು, ಐವತ್ತೆಂಟರಲ್ಲಿ ಮದುವೆಯಾದರೆ ನೆಂಟರು ನಗುತ್ತಾರೆ. ಮೂರನೆಯದಕ್ಕೆ ಬಂದಾಗ ಅವಳ ದನಿ ತಗ್ಗಿತು. ಹೆಂಡತಿ ಹೋದ ಮೇಲೆ ಇವನು ಪ್ರತಿ ಸೋಮವಾರ ನಮ್ಮ ಹಟ್ಟಿಗೆ ಬಂದು ನನ್ನ ಜೊತೆ ಕೂತು ಉಣ್ಣುತ್ತಾನೆ, ವಾರದಲ್ಲಿ ನಾನು ಎದುರಿಗೊಬ್ಬರನ್ನು ಕೂರಿಸಿಕೊಂಡು ಉಣ್ಣುವುದು ಅದೊಂದೇ ದಿನ, ಇನ್ನು ಇವನು ಬರುವುದಿಲ್ಲ. ಪ್ರಭುಸ್ವಾಮಿಯ ಪೆನ್ನು ನಿಂತಿತು. ಇದನ್ನೂ ಬರೆಯಲೇ ಎಂದು ಕೇಳಿದ.

“ಅದೇ ಕಣ್ಲಾ ನನ್ ತಕರಾರು. ಜಾತಿ ಮಾತ ಮೊದ್ಲು ಬರಿ ಅಷ್ಟೆ, ನೋಡಕ್ ಚೆಂದಾಗಿರ್ತದೆ.”

ಬರೆದದ್ದನ್ನು ಮಾದೇವಮ್ಮ ಓದಿ ಹೇಳಿದಳು. ಮೂರನೆಯದನ್ನು ನಿಧಾನವಾಗಿ, ಎರಡು ಸಲ ಓದಿದಳು. ಈಗ ಸರಿಯಾಯಿತು ಎಂದು ದೊಡ್ಡಬಸಮ್ಮ ಹೆಬ್ಬೆಟ್ಟು ಒತ್ತಿದಳು. ಮೆಟ್ಟಿಲು ಹತ್ತಲು ಮಂಡಿ ಬಿಡಲಿಲ್ಲ, ಮಾದೇವಮ್ಮ ಕೈ ಹಿಡಿದು ಹತ್ತಿಸಿದಳು. ಪ್ರಭುಸ್ವಾಮಿ ಹಿಂದಿನಿಂದ ನಡೆದ. ಮೂರನೇ ಮೆಟ್ಟಿಲಲ್ಲಿ ಅಕ್ಕ ನಿಂತು, ನೀನು ಯಾರ ಮನೆಯವಳವ್ವ, ಯಾವೂರು ಎಂದು ಕೇಳಿದಳು.

“ನೀವು ತಕರಾರು ಬರ್ಸಿದ್ರಲ್ಲ ಅಕ್ಕೋರೆ, ಅದ್ರಲ್ಲಿರೋಳು ನಾನೇಯ.”

ದೊಡ್ಡಬಸಮ್ಮನಿಗೆ ಕೈ ಕೊಡವಿಕೊಳ್ಳಬೇಕೆನಿಸಿತೇನೋ. ಆದರೆ ಮೇಲೆ ಇನ್ನೂ ನಾಲ್ಕು ಮೆಟ್ಟಿಲಿದ್ದವು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಅದೇ ಕೈ ಹಿಡಿದುಕೊಂಡು ಉಳಿದ ಮೆಟ್ಟಿಲು ಹತ್ತಿದಳು. ತನ್ನ ಮದುವೆಯ ತಕರಾರನ್ನು ತಾನೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ ಮದುವಣಗಿತ್ತಿಯನ್ನು ಆ ಕಛೇರಿ ಅದುವರೆಗೆ ಕಂಡಿರಲಿಲ್ಲ.

ಒಳಗಿದ್ದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಯಮದ ಪ್ರಕಾರ ತಕರಾರನ್ನು ಪುಸ್ತಕದಲ್ಲಿ ಬರೆದುಕೊಂಡು ಅಜ್ಜಿಗೆ ಓದಿ ಹೇಳಿದಳು. ಇಬ್ಬರಿಗೂ ಬದುಕಿರುವ ಸಂಗಾತಿಯಿಲ್ಲ, ಮದುವೆಯ ವಯಸ್ಸು ತುಂಬಿದೆ, ರಕ್ತ ಸಂಬಂಧವಿಲ್ಲ, ಆದ್ದರಿಂದ ಈ ಮೂರು ಕಾರಣಗಳಿಂದ ಮದುವೆ ತಡೆಯಲು ಬರುವುದಿಲ್ಲ ಎಂದು ವಿವರಿಸಿದಳು. ಜಾತಿಯದಕ್ಕೆ, ನೆಂಟರದಕ್ಕೆ ದೊಡ್ಡಬಸಮ್ಮ ತಲೆಯಾಡಿಸಿದಳು. ಸೋಮವಾರದ ವಿಷಯವೂ ಕಾನೂನಿನಲ್ಲಿ ಇಲ್ಲವೇ ಎಂದು ಕೇಳಿದಳು. ಇಲ್ಲ ಅಜ್ಜಿ ಎಂದಳು ಅಧಿಕಾರಿ. ಇರಬೇಕಿತ್ತು ಎಂದು ಹೇಳಿ ದೊಡ್ಡಬಸಮ್ಮ ಎದ್ದು, ಬಂದ ಬಸ್ಸಿಗೇ ವಾಪಸ್ಸು ಹೋದಳು.

ಆ ದಿನದಿಂದ ಪ್ರಭುಸ್ವಾಮಿ ಸಾಧುವಾದ ಎಂದರೆ ನಾನೂ ಪಾಲಾರಿನ ಹೆಂಡತಿಯ ಕಥೆ ಹೇಳಿದಂತಾಗುತ್ತದೆ. ಹೋಟೆಲಿನಲ್ಲಿ ಈಗಲೂ ಅವನ ಬಾಯಿ ನಿಲ್ಲುವುದಿಲ್ಲ. ಆದರೆ ಬೋರ್ಡಿನ ಮುಂದೆ ನಿಲ್ಲುವುದನ್ನು ಬಿಟ್ಟಿದ್ದಾನೆ. ಮಗಳ ನೋಟೀಸು ಕಂಡು ಹಲ್ಲು ಕಡಿಯುತ್ತ ಬರುವ ಅಪ್ಪಂದಿರಿಗೆ, ನಿಮ್ಮ ಕಾರಣ ಕಾನೂನಿನಲ್ಲಿ ನಿಲ್ಲುವುದಿಲ್ಲ, ಮನೆಗೆ ಹೋಗಿ ಮಗಳ ಹತ್ತಿರ ಮಾತಾಡಿ ಎನ್ನುತ್ತಾನೆ. ಅವರು ಬೈದುಕೊಂಡು ಗೇಟಿನ ಪಕ್ಕದವರ ಹತ್ತಿರ ಹೋಗುತ್ತಾರೆ. ಗುಂಡ್ಲುಪೇಟೆಗೆ ಹೋಗಿ ಸೌಮ್ಯಳ ಎದುರು ನಿಲ್ಲುವ ಧೈರ್ಯ ಮಾತ್ರ ಅವನಿಗೆ ಇನ್ನೂ ಬಂದಿಲ್ಲ. ಮಾದೇವಮ್ಮ ಅದನ್ನು ತಿಂಗಳಿಗೊಮ್ಮೆ ನೆನಪಿಸುತ್ತಾಳೆ.

ನೋಟೀಸಿನ ಮೂವತ್ತು ದಿನ ಮುಗಿಯಿತು. ಮೂವತ್ತೆರಡನೇ ದಿನ ಮದುವೆ. ಮೂವರು ಸಾಕ್ಷಿ ಬೇಕು. ಹೋಟೆಲಿನವನೊಬ್ಬ, ಗೇಟಿನ ಪಕ್ಕದ ಅರ್ಜಿಯವನೊಬ್ಬ ಸಿಕ್ಕಿದ್ದರು. ಮೂರನೆಯವರಿಗಾಗಿ ಹುಡುಕುತ್ತಿರುವಾಗ ದೊಡ್ಡಬಸಮ್ಮ ಯಾರೂ ಕರೆಯದೆ ಬಸ್ಸಿಳಿದು ಬಂದಳು. ಇಳಕಲ್ ಸೀರೆ ಉಟ್ಟು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಪುಸ್ತಕ ಮುಂದಿಟ್ಟಾಗ ತಮ್ಮನ ಮುಖ ನೋಡದೆ ಅದನ್ನು ಮಾದೇವಮ್ಮನ ಕಡೆ ತಿರುಗಿಸಿ, ಓದು ಎಂದಳು. ಓದಿಸಿಕೊಂಡ ಮೇಲೆಯೇ ಹೆಬ್ಬೆಟ್ಟು ಒತ್ತಿದಳು. ಹಾರ ಬದಲಾಯಿಸಿಕೊಂಡು ಎಲ್ಲರೂ ಹೊರಗೆ ಬಂದರು. ಪ್ರಭುಸ್ವಾಮಿ ಅಕ್ಕನ ಕಾಲಿಗೆ ಬಿದ್ದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು, ಮಾತಾಡಿದ್ದು ಮಾತ್ರ ಮಾದೇವಮ್ಮನ ಜೊತೆ.

“ಸೋಮಾರ ಇವ್ನ ಕರ್ಕಂಡು ನೀನೂ ಬಾರವ್ವ. ಮೂವತ್ತೊರ್ಸದ ಕಾಗ್ದ ನಮ್ಮಟ್ಟಿ ಟ್ರಂಕಲ್ಲವೆ, ಎಲ್ಲ ಇವ್ನೇ ಬರ್ದಿರಾದು. ಪಕ್ಕದ್ ಒಲ್ದೋನು ನಮ್ ಬದ ಒತ್ರಿಸ್ಕಂಡವ್ನೆ ಅಂತ ಇಪ್ಪತ್ತೊರ್ಸದಿಂದ ಇವ್ನ್ ಕೈಲಿ ಅರ್ಜಿ ಬರ್ಸ್ತಾವ್ನಿ, ಒಬ್ಬಾಪೀಸರೂ ಬಂದು ನೋಡಿಲ್ಲ. ಯಾಕ್ ಬರ್ನಿಲ್ಲ ಅಂತ ಓದ್ ಏಳು.”

ಪಕ್ಕದ ಹೊಲದವನು ಪ್ರಭುಸ್ವಾಮಿಯ ಬಾಲ್ಯದ ಗೆಳೆಯ. ಆ ಅರ್ಜಿಗಳಲ್ಲಿ ಬದುವಿನ ಮಾತು ಒಂದರಲ್ಲೂ ಇರಲಿಲ್ಲ. ಪ್ರಭುಸ್ವಾಮಿ ಹಾರದೊಳಗೇ ಬೆವರುತ್ತ, ಆ ಸೋಮವಾರ ಹಾಸ್ಟೆಲ್ಲಿನಲ್ಲಿ ಕೆಲಸ ಜಾಸ್ತಿ ಇರುತ್ತದೇನೋ ಎಂದು ಹೆಂಡತಿಗೆ ಸೂಚಿಸಿದ.

“ರಜ ಆಕ್ತೀನಿ ಅಕ್ಕಾ,” ಎಂದಳು ಮಾದೇವಮ್ಮ. “ಮೊದ್ಲ ಬಸ್ಗೇ ಬತ್ತೀವಿ.”